ಪ್ರತಿಜ್ಞೆಯ ಮರುದಿನ: ಪಾನವ್ಯಸನಮುಕ್ತಿಯ ಚರಿತ್ರೆಯಿಂದ ಒಂದು ಪಾಠ

1

ಮದ್ಯಪಾನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹಿಡಿದು ಬರೆದಿದ್ದಾರೆ. ಒಂದು ಸರಕಾರದ ಕಾಯಿದೆ. ಇನ್ನೊಂದು ಸರಕಾರದ ಬೊಕ್ಕಸ. ಯಾವ ಇಸವಿಯಲ್ಲಿ ಯಾವ ಅಂಗಡಿಯನ್ನು ಮುಚ್ಚಲಾಯಿತು, ಅಬಕಾರಿಯ ಉತ್ಪನ್ನ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದಕ್ಕೆ ದಾಖಲೆಗಳು ಹೇರಳವಾಗಿವೆ. ಆದರೆ ಅಂಗಡಿಯ ಬಾಗಿಲು ಮುಚ್ಚಿದ ಸಂಜೆ ಅದರ ಮುಂದೆ ನಿಂತಿದ್ದ ಮನುಷ್ಯನು ಎಲ್ಲಿಗೆ ಹೋದನು, ಅವನ ನಡುಗುವ ಕೈಯನ್ನು ಯಾರು ಹಿಡಿದರು, ಮರುದಿನವನ್ನು ಅವನು ಹೇಗೆ ಕಳೆದನು ಎಂಬ ಚರಿತ್ರೆ ಮಾತ್ರ ಬಹುಮಟ್ಟಿಗೆ ಬರೆಯದೆಯೇ ಉಳಿದಿದೆ.

ಕನ್ನಡನಾಡಿನ ಅನುಭವವೂ ಇದಕ್ಕೆ ಹೊರತಲ್ಲ. ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಹೆಂಡದಂಗಡಿಗಳ ಮುಂದೆ ಧರಣಿಗಳು ನಡೆದವು. 1939ರಲ್ಲಿ ಚಿತ್ರದುರ್ಗಕ್ಕೆ ಸಮೀಪದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳಿಗೆ ಕೊಡಲಿಯಿಟ್ಟರು. ಮುಂಬಯಿ ಸರಕಾರವು 1949ರ ಪಾನನಿರೋಧ ಕಾಯಿದೆಯನ್ನು ಜಾರಿಗೆ ತಂದಾಗ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆ ಪ್ರಾಂತದಲ್ಲಿಯೇ ಇದ್ದುದರಿಂದ, ಏಕೀಕರಣವಾಗುವವರೆಗೆ ಅಲ್ಲಿಯ ಕನ್ನಡಿಗರೂ ಆ ಕಾಯಿದೆಯ ಕೆಳಗೆ ಬಾಳಿದರು. ಬಹುಕಾಲದ ತರುವಾಯ, 2007ರ ಜುಲೈ 1ರಿಂದ, ಕರ್ನಾಟಕ ಸರಕಾರ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಈ ಯತ್ನಗಳ ಹಿಂದಿನ ಸದುದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕಾಯಿದೆಗೆ ಒಂದು ಎಲ್ಲೆಯುಂಟು. ಅದು ಬಾಟಲಿಯನ್ನು ಕಸಿದುಕೊಳ್ಳಬಲ್ಲದು. ಬಾಟಲಿಯ ಜಾಗದಲ್ಲಿ ಇಡಬೇಕಾದದ್ದನ್ನು ಕೊಡಲಾರದು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಚೋಮನ ಕಳ್ಳಿನ ಹಿಂದೆ ಅವನ ನೆಲದ ಹಂಬಲವಿದೆ, ಸಾಲವಿದೆ, ಮಕ್ಕಳ ದುಃಖವಿದೆ. ಕಳ್ಳನ್ನು ಮಾತ್ರ ನಿಲ್ಲಿಸಹೊರಟವನು ಚೋಮನನ್ನು ಅರಿತವನಲ್ಲ.

ವ್ಯಸನವನ್ನು ದೇಹ, ಮನಸ್ಸು, ಸಂಸಾರ, ಸಹವಾಸ ಇವೆಲ್ಲವನ್ನೂ ಕೂಡಿಸಿ ನೋಡಬೇಕೆಂಬ ತಿಳಿವಳಿಕೆ ಜಗತ್ತಿಗೆ ಒಂದೇ ದಿನದಲ್ಲಿ ಬಂದುದಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ, ಮುಖ್ಯವಾಗಿ ಅಮೆರಿಕದಲ್ಲಿ, ಅದು ಅನೇಕ ಸೋಲುಗಳ ಮೂಲಕ ಮೂಡಿತು. ಆ ಸೋಲುಗಳ ಕಥೆ ಗೆಲುವಿನ ಕಥೆಗಿಂತ ಹೆಚ್ಚು ಬೋಧಪ್ರದವಾಗಿದೆ.

2

ಕುಡಿತವು ಪಾಪವೇ, ರೋಗವೇ ಎಂಬ ಪ್ರಶ್ನೆಯಿಂದ ಈ ಚರಿತ್ರೆ ಮೊದಲಾಗುತ್ತದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲೊಬ್ಬನಾದ ಫಿಲಡೆಲ್ಫಿಯದ ವೈದ್ಯ ಬೆಂಜಮಿನ್ ರಷ್ 1784ರಲ್ಲಿ ಒಂದು ಸಣ್ಣ ಪ್ರಬಂಧವನ್ನು ಪ್ರಕಟಿಸಿದನು. ಭಟ್ಟಿಯಿಳಿಸಿದ ಮದ್ಯವು ಶರೀರಕ್ಕೂ ಮನಸ್ಸಿಗೂ ಮಾಡುವ ಹಾನಿಯನ್ನು ವಿವರಿಸಿ, ಅತಿಪಾನದ ಚಟವನ್ನು ರೋಗವೆಂದು ಕರೆದ ಮೊದಲಿಗರಲ್ಲಿ ಅವನೂ ಒಬ್ಬನು. ಬ್ರಿಟನ್ನಿನ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಥಾಮಸ್ ಟ್ರಾಟರ್ 1788ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಇದೇ ವಿಷಯದ ಮೇಲೆ ಪ್ರೌಢಪ್ರಬಂಧವನ್ನು ಸಲ್ಲಿಸಿ, 1804ರಲ್ಲಿ ಅದನ್ನು ವಿಸ್ತರಿಸಿ ಗ್ರಂಥರೂಪಕ್ಕೆ ತಂದನು. ಕುಡಿತದ ಚಟವು ಮನಸ್ಸಿನ ರೋಗವೆಂಬುದೂ, ಅದನ್ನು ಗುಣಪಡಿಸಬೇಕಾದರೆ ವೈದ್ಯನು ಮೊದಲು ರೋಗಿಯ ವಿಶ್ವಾಸವನ್ನು ಸಂಪಾದಿಸಬೇಕೆಂಬುದೂ ಟ್ರಾಟರನ ಮತವಾಗಿತ್ತು. ಇನ್ನೂರು ವರ್ಷಗಳ ಹಿಂದೆ ಹಡಗಿನ ವೈದ್ಯನೊಬ್ಬನು ಕಂಡ ಈ ಸತ್ಯವನ್ನು ಅವನ ನಂತರದವರು ಬಹುಬೇಗ ಮರೆತರು.

1813ರಲ್ಲಿ ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯನು ಇನ್ನೊಂದು ಮಹತ್ವದ ಸಂಗತಿಯನ್ನು ಗುರುತಿಸಿದನು. ಕುಡುಕರಲ್ಲಿ ಕಾಣುವ ಮೈನಡುಕ, ಭ್ರಮೆ, ಬಡಬಡಿಕೆಗಳಿಂದ ಕೂಡಿದ ಸನ್ನಿಗೆ ‘ಡೆಲೀರಿಯಂ ಟ್ರೆಮನ್ಸ್’ ಎಂದು ಅವನು ಹೆಸರಿಟ್ಟನು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೆ ಬಿಟ್ಟಾಗಲೂ ಈ ಸನ್ನಿ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು ಎಂಬುದು ಮುಂದೆ ಸ್ಪಷ್ಟವಾಯಿತು. ಮನೋಬಲವೊಂದಿದ್ದರೆ ಸಾಕು, ವೈದ್ಯನೇಕೆ ಎಂದು ವಾದಿಸುವವರು ಇದನ್ನು ನೆನಪಿಡುವುದು ಒಳಿತು.

ಆ ಕಾಲದ ಅಮೆರಿಕದಲ್ಲಿ ಪಾನದ ಪ್ರಮಾಣ ಬೆರಗುಗೊಳಿಸುವಂಥದು. 1830ರ ಸುಮಾರಿಗೆ ಹದಿನೈದು ವರ್ಷಕ್ಕೆ ಮೇಲ್ಪಟ್ಟ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ ಸುಮಾರು 7 ಗ್ಯಾಲನ್ ಶುದ್ಧ ಮದ್ಯಸಾರ ಸಲ್ಲುತ್ತಿತ್ತೆಂದು ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಇದನ್ನು ತಡೆಯಲೆಂದು 1826ರಲ್ಲಿ ಬಾಸ್ಟನ್ ನಗರದಲ್ಲಿ ಅಮೆರಿಕನ್ ಸಂಯಮ ಸಂಘವು ಹುಟ್ಟಿತು. ಆದರೆ ಅದರ ಲಕ್ಷ್ಯವೆಲ್ಲ ಕುಡಿಯದವರ ಮೇಲೆ, ಮಿತವಾಗಿ ಕುಡಿಯುವವರ ಮೇಲೆ. ಅವರನ್ನು ಕಾಪಾಡಿಕೊಂಡರೆ ಸಾಕು. ಈಗಾಗಲೇ ಕೆಟ್ಟವರು ತಾವಾಗಿಯೇ ಸತ್ತುಹೋಗಿ ದೇಶ ಶುದ್ಧವಾಗುವುದು ಎಂಬುದು ಅದರ ಮುಖಂಡರ ಎಣಿಕೆ. ಧರ್ಮದ ಹೆಸರಿನಲ್ಲಿ ನಡೆದ ಈ ಲೆಕ್ಕಾಚಾರದಲ್ಲಿ ವ್ಯಸನಿಯು ಬಾರದ ಸಾಲದ ಪಟ್ಟಿಗೆ ಸೇರಿದ್ದನು.

3

ಆ ಪಟ್ಟಿಯನ್ನು ಹರಿದುಹಾಕಿದವರು ಪಂಡಿತರೂ ಅಲ್ಲ, ಪಾದ್ರಿಗಳೂ ಅಲ್ಲ. 1840ರ ಏಪ್ರಿಲ್ ತಿಂಗಳ ಮೊದಲಲ್ಲಿ ಬಾಲ್ಟಿಮೋರ್ ನಗರದ ಚೇಸ್ ಎಂಬವನ ಪಾನಗೃಹದಲ್ಲಿ ಆರು ಮಂದಿ ಗೆಳೆಯರು ಎಂದಿನಂತೆ ಕುಡಿಯುತ್ತ ಕುಳಿತಿದ್ದರು. ದರ್ಜಿ, ಬಡಗಿ, ಕಮ್ಮಾರ, ಬೆಳ್ಳಿಕೆಲಸದವ, ಗಾಡಿ ಮಾಡುವವ ಹೀಗೆ ಎಲ್ಲರೂ ಕೈಕೆಲಸದವರು. ಊರಿನಲ್ಲಿ ಆ ದಿನ ಪಾನವಿರೋಧಿ ಉಪನ್ಯಾಸವೊಂದಿತ್ತು. ಏನು ಹೇಳುತ್ತಾರೋ ನೋಡಿಬರೋಣವೆಂದು ಅವರಲ್ಲಿ ಕೆಲವರು ಹೋದರು. ನಗೆಯಾಡಲೆಂದು ಹೋದವರು ಯೋಚನೆಗೆ ಬಿದ್ದು ಹಿಂದಿರುಗಿದರು. ಕೆಲವೇ ದಿನಗಳಲ್ಲಿ ಆರು ಮಂದಿಯೂ ಇನ್ನು ಕುಡಿಯುವುದಿಲ್ಲವೆಂದು ಬರೆದು ರುಜು ಹಾಕಿ, ತಮ್ಮ ಸಂಘಕ್ಕೆ ಜಾರ್ಜ್ ವಾಷಿಂಗ್ಟನ್ನನ ಹೆಸರನ್ನಿಟ್ಟರು. ದರ್ಜಿಯಾದ ವಿಲಿಯಂ ಮಿಚೆಲ್ ಅಧ್ಯಕ್ಷನಾದನು. ಸೇರುವ ಶುಲ್ಕ 25 ಸೆಂಟು. ತಿಂಗಳ ವಂತಿಗೆ ಹನ್ನೆರಡೂವರೆ ಸೆಂಟು. ಮೊದಲ ಸಭೆಗಳು ನಡೆದದ್ದೂ ಅದೇ ಪಾನಗೃಹದಲ್ಲಿ! ಒಳ್ಳೆಯ ಗಿರಾಕಿಗಳು ಕೈಬಿಡುತ್ತಿರುವುದನ್ನು ಕಂಡ ಒಡತಿಯು ಆಕ್ಷೇಪಿಸಲು, ಸಭೆಗಳು ಬೇರೆಡೆಗೆ, ಕೊನೆಗೆ ಬಡಗಿಯ ಕಾರ್ಖಾನೆಗೆ ಸಾಗಿದವು.

ಇವರ ಕ್ರಮ ಸರಳವಾಗಿತ್ತು. ವಾರಕ್ಕೊಮ್ಮೆ ಕೂಡುವುದು; ಮುಂದಿನ ಸಭೆಗೆ ಪ್ರತಿಯೊಬ್ಬನೂ ಹೊಸಬನೊಬ್ಬನನ್ನು ಕರೆತರುವುದು; ಉಪನ್ಯಾಸಕ್ಕೆ ಬದಲಾಗಿ ತನ್ನ ಅನುಭವವನ್ನು ಹೇಳುವುದು. ಕುಡಿದು ಹೆಂಡತಿ ಮಕ್ಕಳನ್ನು ಬೀದಿಪಾಲು ಮಾಡಿದವನೊಬ್ಬನು ಎದ್ದುನಿಂತು ತನ್ನ ಕಥೆಯನ್ನು ತಾನೇ ಹೇಳಿದಾಗ, ಕೇಳುತ್ತಿದ್ದ ಇನ್ನೊಬ್ಬ ಕುಡುಕನಿಗೆ ಅದು ಪರೋಪದೇಶವಾಗಿ ಕೇಳಿಸಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಸೇರಿದ ಜಾನ್ ಹಾಕಿನ್ಸ್ ಎಂಬ ಟೊಪ್ಪಿಗೆಗಾರನು ತನ್ನ ಪುಟ್ಟ ಮಗಳ ಬೇಡಿಕೆಯಿಂದ ಹೇಗೆ ಕುಡಿತ ಬಿಟ್ಟೆನೆಂಬುದನ್ನು ಊರೂರಿಗೆ ಹೋಗಿ ಹೇಳಿದನು. ಒಂದು ವರ್ಷ ತುಂಬಿದಾಗ ಬಾಲ್ಟಿಮೋರಿನಲ್ಲಿ ಸಹಸ್ರಾರು ಜನರ ಮೆರವಣಿಗೆ ನಡೆಯಿತು. 1841ರಲ್ಲಿ ನ್ಯೂಯಾರ್ಕಿನ ಮಹಿಳೆಯರು ಮಾರ್ಥಾ ವಾಷಿಂಗ್ಟನ್ನಳ ಹೆಸರಿನಲ್ಲಿ ಸಂಘ ಕಟ್ಟಿ, ಕುಡಿತ ಬಿಟ್ಟವರ ಸಂಸಾರಗಳಿಗೆ ಅನ್ನ ಬಟ್ಟೆ ಒದಗಿಸಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನ ಸಂಘದಲ್ಲಿ ಮಾತಾಡಿದ ಅಬ್ರಹಾಂ ಲಿಂಕನ್ ಎಂಬ ತರುಣ ವಕೀಲನು ಈ ಚಳವಳಿಯ ಮರ್ಮವನ್ನು ಸರಿಯಾಗಿ ಹಿಡಿದನು. ವ್ಯಸನಿಯನ್ನು ಬೈದವರು ಸೋತರು, ಸ್ನೇಹಿತನಂತೆ ಕಂಡವರು ಗೆದ್ದರು; ವ್ಯಸನಕ್ಕೆ ಬೀಳದವರು ಬೀಳದೆ ಉಳಿದುದು ಅವರ ಗುಣಾತಿಶಯಕ್ಕಿಂತ ಆ ಹಂಬಲವೇ ಅವರಲ್ಲಿ ಇಲ್ಲದ್ದರಿಂದ ಎಂಬುದು ಅವನ ಭಾಷಣದ ಸಾರ.

ಇದೇ ಸಮಯದಲ್ಲಿ ಐರ್ಲೆಂಡಿನಲ್ಲಿಯೂ ಇಂಥದೇ ಅದ್ಭುತವೊಂದು ನಡೆಯುತ್ತಿತ್ತು. ಕಾರ್ಕ್ ಪಟ್ಟಣದ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಕ್ಯಾಥೊಲಿಕ್ ಪಾದ್ರಿ 1838ರ ಏಪ್ರಿಲ್ 10ರಂದು ತಾನೇ ಮೊದಲು ರುಜು ಹಾಕಿ ಆರಂಭಿಸಿದ ಪಾನತ್ಯಾಗದ ಪ್ರತಿಜ್ಞೆಯನ್ನು ಕೆಲವೇ ವರ್ಷಗಳಲ್ಲಿ ಲಕ್ಷೋಪಲಕ್ಷ ಜನ ಸ್ವೀಕರಿಸಿದರು. ಸುಂಕ ತೆತ್ತು ಮಾರಾಟವಾಗುತ್ತಿದ್ದ ಮದ್ಯ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ 1845ರಿಂದ ಆಲೂಗಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ಬಂದೊಡನೆ ಆ ಚಳವಳಿ ಚದುರಿತು. ಪ್ರತಿಜ್ಞೆಗಳೆಲ್ಲ ಒಬ್ಬ ಮಹಾನುಭಾವನ ಪ್ರಭಾವಕ್ಕೆ ಜೋತುಬಿದ್ದಿದ್ದವು. ಅವನು ಮುಂದಿನ ಊರಿಗೆ ಹೊರಟ ಮೇಲೆ ಪ್ರತಿಜ್ಞೆ ಮಾಡಿದವರನ್ನು ವಾರವಾರವೂ ಕಾಣುವವರು ಸಾಲದಾದರು.

ವಾಷಿಂಗ್ಟನ್ ಸಂಘವು ಬಿದ್ದ ಬಗೆ ಇನ್ನೂ ವಿಚಾರಾರ್ಹವಾಗಿದೆ. 1847ರ ವೇಳೆಗೆ ಅದರ ಬಹುತೇಕ ಶಾಖೆಗಳು ನಿಂತುಹೋಗಿದ್ದವು. ಬಾಸ್ಟನ್ನಿನದು ಮಾತ್ರ ಇನ್ನೂ ಹತ್ತಾರು ವರ್ಷ ಉಳಿಯಿತು. ಇದಕ್ಕೆ ಕಾರಣಗಳು ಹಲವು. ಒಂದು, ಮೂಲದಲ್ಲಿ ವ್ಯಸನಿಗಳದೇ ಆಗಿದ್ದ ಸಂಘಕ್ಕೆ ಎಂದೂ ಕುಡಿಯದವರು ಗುಂಪುಗುಂಪಾಗಿ ಸೇರಿದರು. ಆಪ್ತಗೋಷ್ಠಿಯು ಬಹಿರಂಗ ಸಭೆಯಾಯಿತು. ಎರಡು, ಪಾನನಿರೋಧದ ಕಾಯಿದೆ ಬೇಕೇ ಬೇಡವೇ, ಗುಲಾಮಗಿರಿಯ ರದ್ದತಿಯಲ್ಲಿ ಸಂಘದ ನಿಲುವೇನು, ಚರ್ಚಿನೊಡನೆ ಸಂಬಂಧವೇನು ಎಂಬ ವಾಗ್ವಾದಗಳು ಒಳನುಗ್ಗಿದವು. ಮೂರು, ಅನುಭವ ಹೇಳುವುದೇ ಕೆಲವರಿಗೆ ಜೀವನೋಪಾಯವಾಯಿತು. ಸಂಬಳದ ಭಾಷಣಕಾರರು ಹುಟ್ಟಿಕೊಂಡರು. ಅವರಲ್ಲಿ ಅತ್ಯಂತ ಪ್ರಸಿದ್ಧನಾದ ಜಾನ್ ಗಫ್ 1845ರಲ್ಲಿ ಮತ್ತೆ ಕುಡಿದು ಸಿಕ್ಕಿಬಿದ್ದಾಗ ಪತ್ರಿಕೆಗಳು ಇಡೀ ಚಳವಳಿಯನ್ನೇ ಹೀಗಳೆದವು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ರುಜು ಹಾಕುವುದು ಹೇಗೆಂಬುದು ಅವರಿಗೆ ಗೊತ್ತಿತ್ತು. ರುಜು ಹಾಕಿದವನು ಎರಡನೆಯ ವರ್ಷ, ಐದನೆಯ ವರ್ಷ ಏನು ಮಾಡಬೇಕೆಂಬುದಕ್ಕೆ ಅವರಲ್ಲಿ ಕ್ರಮವಿರಲಿಲ್ಲ.

4

ಸಂಘಗಳು ಸೋತ ಮೇಲೆ ಔಷಧದ ಸರದಿ ಬಂದಿತು. 1879ರಲ್ಲಿ ಇಲಿನಾಯ್ ಪ್ರಾಂತದ ಡ್ವೈಟ್ ಎಂಬ ಪುಟ್ಟ ಊರಿನಲ್ಲಿ ಡಾಕ್ಟರ್ ಲೆಸ್ಲಿ ಕೀಲಿ ಎಂಬವನು ಬಂಗಾರದ ಔಷಧದಿಂದ ಕುಡಿತವನ್ನು ಗುಣಪಡಿಸುವೆನೆಂದು ಸಾರಿದನು. ನಾಲ್ಕು ವಾರಗಳ ವಾಸ, ದಿನಕ್ಕೆ ನಾಲ್ಕು ಚುಚ್ಚುಮದ್ದು, ಅದಕ್ಕೆ ತಕ್ಕ ಶುಲ್ಕ. 1890ರ ದಶಕದಲ್ಲಿ ಅವನ ಸಂಸ್ಥೆಗೆ ನೂರಕ್ಕೂ ಹೆಚ್ಚು ಶಾಖೆಗಳಿದ್ದವು. ಮದ್ದಿನ ಗುಟ್ಟನ್ನು ಅವನು ಬಿಟ್ಟುಕೊಡಲಿಲ್ಲ. ರಸಾಯನಜ್ಞರು ಪರೀಕ್ಷಿಸಿದಾಗ ಅದರಲ್ಲಿ ಬಂಗಾರದ ಸುಳಿವಿರಲಿಲ್ಲ. ಹಾಗಿದ್ದರೂ ಅಲ್ಲಿಂದ ಸುಧಾರಿಸಿ ಹೋದವರು ಇದ್ದರೆಂಬುದು ಸುಳ್ಳಲ್ಲ. ಅಲ್ಲಿ ರೋಗಿಗಳನ್ನು ಕಟ್ಟಿಹಾಕುತ್ತಿರಲಿಲ್ಲ, ಹಂಗಿಸುತ್ತಿರಲಿಲ್ಲ. ಚುಚ್ಚುಮದ್ದಿಗಾಗಿ ಸಾಲುಗಟ್ಟಿ ನಿಂತಾಗ ಪರಸ್ಪರ ಮಾತಾಡುತ್ತಿದ್ದರು. ಅವರೇ ಕೂಡಿ ‘ಕೀಲಿ ಲೀಗ್’ ಎಂಬ ಸಂಘಗಳನ್ನೂ ಕಟ್ಟಿದರು. ಗುಣವಾದುದು ಸೀಸೆಯಲ್ಲಿದ್ದ ಮದ್ದಿಗಿಂತ ಆ ಸಾಲಿನಲ್ಲಿ ದೊರೆತ ಸಹವಾಸದಿಂದ ಎಂದು ಈಗ ತೋರಿದರೆ ತಪ್ಪಾಗಲಾರದು.

ವೈದ್ಯವನ್ನೂ ಮನಶ್ಶಾಸ್ತ್ರವನ್ನೂ ಧರ್ಮವನ್ನೂ ಒಂದೇ ಕೊಠಡಿಗೆ ತಂದ ಪ್ರಯೋಗ ನಡೆದುದು 1906ರಲ್ಲಿ, ಬಾಸ್ಟನ್ನಿನ ಎಮ್ಯಾನ್ಯುಯೆಲ್ ಚರ್ಚಿನಲ್ಲಿ. ಅಲ್ಲಿಯ ಪಾದ್ರಿ ಎಲ್‌ವುಡ್ ವುಸ್ಟರ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದವನು. ಡಾಕ್ಟರ್ ಜೋಸೆಫ್ ಪ್ರ್ಯಾಟ್ ಎಂಬವನು ಬಡ ಕ್ಷಯರೋಗಿಗಳನ್ನು ತರಗತಿಯಂತೆ ಕೂಡಿಸಿ ಒಬ್ಬರಿಂದೊಬ್ಬರಿಗೆ ಧೈರ್ಯ ಬರುವಂತೆ ಮಾಡುತ್ತಿದ್ದುದಕ್ಕೆ ಈ ಚರ್ಚು ಬೆಂಬಲವಾಗಿತ್ತು. ಅದೇ ಕ್ರಮವನ್ನು ವುಸ್ಟರನು ಮನೋವ್ಯಥೆಯುಳ್ಳವರಿಗೂ ಕುಡುಕರಿಗೂ ಅನ್ವಯಿಸಿದನು. ಮೊದಲು ವೈದ್ಯನ ಪರೀಕ್ಷೆ, ತರುವಾಯ ಏಕಾಂತದ ಸಂಭಾಷಣೆ, ದೇಹವನ್ನು ಸಡಿಲಿಸುವ ವಿಶ್ರಾಂತಿಯ ಅಭ್ಯಾಸ, ಪ್ರಾರ್ಥನೆ, ವಾರದ ಕೂಟ ಹೀಗೆ ಚಿಕಿತ್ಸೆ ಸಾಗುತ್ತಿತ್ತು. ಇತರರಿಗೆ ನೆರವಾಗಿ ತಾವು ಸುಧಾರಿಸಿಕೊಳ್ಳಲೆಂದು ಪುರುಷರ ಕ್ಲಬ್ಬೊಂದೂ ಅಲ್ಲಿ ಹುಟ್ಟಿತು. ಅಲ್ಲಿಯೇ ಗುಣಹೊಂದಿದ ಕೋರ್ಟ್ನಿ ಬೇಲರ್ ತಾನೇ ಚಿಕಿತ್ಸಕನಾಗಿ ನಿಂತು, 1919ರಲ್ಲಿ ತನ್ನ ವಿಧಾನವನ್ನು ಕುರಿತು ಗ್ರಂಥ ಬರೆದನು. ಕುಡಿತದ ಬೇರು ಮನಸ್ಸಿನ ಬಿಗುಪಿನಲ್ಲಿದೆ. ಭಯ, ಅಸಮಾಧಾನ, ಆತ್ಮಮರುಕಗಳ ಆ ಬಿಗುಪನ್ನು ಸಡಿಲಿಸದೆ ಕುಡಿತವನ್ನು ಮಾತ್ರ ಬಿಡಿಸಲಾಗದು ಎಂಬುದು ಅವನ ಸಿದ್ಧಾಂತ.

5

ಮುಂದಿನ ಘಟ್ಟದಲ್ಲಿ ಈ ಬೇರೆ ಬೇರೆ ಧಾರೆಗಳು ಕೂಡಿದುದು ಯೋಜನೆಯಿಂದಲ್ಲ. ರೋಡ್ ಐಲೆಂಡಿನ ಶ್ರೀಮಂತ ಮನೆತನದ ರೋಲಂಡ್ ಹಜಾರ್ಡ್ ಎಂಬವನು ಜ್ಯೂರಿಕ್‌ನಲ್ಲಿ ಸುಪ್ರಸಿದ್ಧ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗನಲ್ಲಿ ಚಿಕಿತ್ಸೆ ಪಡೆದೂ ಮತ್ತೆ ಕುಡಿತಕ್ಕೆ ಬಿದ್ದನು. ತನ್ನ ವಿದ್ಯೆಯಿಂದ ಇನ್ನು ಆಗುವುದೇನೂ ಇಲ್ಲ, ಜೀವವನ್ನೇ ತಿರುಗಿಸುವ ಆಧ್ಯಾತ್ಮಿಕ ಅನುಭವವೊಂದು ಒದಗಿದರೆ ಮಾತ್ರ ಆಸೆಯುಂಟು ಎಂದು ಯೂಂಗ್ ನೇರವಾಗಿ ಹೇಳಿದನಂತೆ. ಹಜಾರ್ಡನು ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಬಳಗವನ್ನು ಸೇರಿದನು. ಬೇಲರನ ಚಿಕಿತ್ಸೆಯನ್ನೂ ಪಡೆದನು. ಅವನ ಮೂಲಕ ಎಬಿ ಥ್ಯಾಚರ್, ಥ್ಯಾಚರನ ಮೂಲಕ ಅವನ ಹಳೆಯ ಗೆಳೆಯ ಬಿಲ್ ವಿಲ್ಸನ್ ಈ ಮಾರ್ಗವನ್ನರಿತರು. ವಿಲ್ಸನ್ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೆಲಸ ಮಾಡಿ ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡಿದ್ದವನು. 1934ರ ಡಿಸೆಂಬರ್ 11ರಂದು ಅವನು ಟೌನ್ಸ್ ಆಸ್ಪತ್ರೆಗೆ ಕೊನೆಯ ಸಾರಿ ಸೇರಿದನು. ಅಲ್ಲಿಯ ವೈದ್ಯ ವಿಲಿಯಂ ಸಿಲ್ಕ್‌ವರ್ತ್, ಕುಡಿತವು ನೀತಿಗೇಡಲ್ಲ, ದೇಹವೂ ಮನಸ್ಸೂ ಕೂಡಿದ ರೋಗವೆಂದು ನಂಬಿದ್ದವನು. ಅಂದಿನಿಂದ 1971ರಲ್ಲಿ ತೀರಿಕೊಳ್ಳುವವರೆಗೆ ವಿಲ್ಸನ್ ಮತ್ತೆ ಕುಡಿಯಲಿಲ್ಲ.

ಆದರೆ ಅವನು ಬಿಟ್ಟ ಕೆಲವೇ ತಿಂಗಳಲ್ಲಿ ಪರೀಕ್ಷೆಯ ಕಾಲ ಬಂದಿತು. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಒಹಾಯೊ ಪ್ರಾಂತದ ಅಕ್ರನ್ ನಗರಕ್ಕೆ ಹೋದವನು ಆ ವ್ಯವಹಾರದಲ್ಲಿ ಸೋತು, ಕೈಯಲ್ಲಿ ಕಾಸಿಲ್ಲದೆ, ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಂಟಿಯಾಗಿ ನಿಂತನು. ಒಂದು ಕಡೆ ಪಾನಶಾಲೆಯ ನಗೆಮಾತು. ಇನ್ನೊಂದು ಕಡೆ ದೂರವಾಣಿ. ಆ ಗಳಿಗೆಯಲ್ಲಿ ಅವನಿಗೆ ಹೊಳೆದ ವಿಚಾರವೇ ಈ ಚರಿತ್ರೆಯ ತಿರುವು. ತನ್ನನ್ನು ತಾನು ಉಳಿಸಿಕೊಳ್ಳಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು! ಅವನು ಪಾದ್ರಿಯೊಬ್ಬನಿಗೆ ದೂರವಾಣಿ ಮಾಡಿದನು. ಅಲ್ಲಿಂದ ಹೆನ್ರಿಯೆಟ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಗಿ, ಮೇ 12ರ ಸಂಜೆ ಅವಳ ಮನೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಹದಿನೈದು ನಿಮಿಷ ಮಾತ್ರ ಕೂಡುವೆನೆಂದು ಒಲ್ಲದ ಮನಸ್ಸಿನಿಂದ ಬಂದ ಸ್ಮಿತ್ ರಾತ್ರಿ ಹನ್ನೊಂದರವರೆಗೆ ಕುಳಿತನು. ಕುಡಿತವನ್ನು ಕುರಿತು ಅವನು ಓದದ ಗ್ರಂಥವಿರಲಿಲ್ಲ, ಕೇಳದ ಉಪದೇಶವಿರಲಿಲ್ಲ. ಸ್ವಂತ ಅನುಭವದಿಂದ ಅವನ ಭಾಷೆಯಲ್ಲಿಯೇ ಮಾತಾಡಿದವನು ಮಾತ್ರ ಇವನೇ ಮೊದಲಿಗನು. ಒಮ್ಮೆ ಜಾರಿಬಿದ್ದು ಎದ್ದ ಸ್ಮಿತ್ ಜೂನ್ 10ರಂದು ಕೊನೆಯ ಬಾರಿಗೆ ಕುಡಿದನು. ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಎಂದರೆ ಅನಾಮಿಕ ಪಾನವ್ಯಸನಿಗಳ ಬಳಗ, ಆ ದಿನವನ್ನೇ ತನ್ನ ಜನ್ಮದಿನವೆಂದು ಎಣಿಸುತ್ತದೆ.

1939ರ ಏಪ್ರಿಲ್‌ನಲ್ಲಿ ಬಳಗದ ಗ್ರಂಥವೂ ಅದರಲ್ಲಿ ಹನ್ನೆರಡು ಹೆಜ್ಜೆಗಳ ಕ್ರಮವೂ ಪ್ರಕಟವಾದವು. ತನ್ನ ಅಸಹಾಯಕತೆಯನ್ನು ಒಪ್ಪಿಕೊಳ್ಳುವುದು, ತನಗಿಂತ ಮಿಗಿಲಾದ ಶಕ್ತಿಯಲ್ಲಿ ಭರವಸೆಯಿಡುವುದು, ವ್ಯಾಪಾರಿಯು ಅಂಗಡಿಯ ದಾಸ್ತಾನನ್ನು ಎಣಿಸುವಂತೆ ತನ್ನ ಗುಣದೋಷಗಳನ್ನು ಎಣಿಸಿ ಬರೆಯುವುದು, ಅದನ್ನು ಇನ್ನೊಬ್ಬನೆದುರು ಓದಿ ಹೇಳುವುದು, ತಾನು ನೋಯಿಸಿದವರ ಪಟ್ಟಿ ಮಾಡಿ ಆದಷ್ಟು ಪರಿಹಾರ ಸಲ್ಲಿಸುವುದು, ಕೊನೆಗೆ ಈ ಮಾರ್ಗವನ್ನು ಇತರ ವ್ಯಸನಿಗಳಿಗೆ ಮುಟ್ಟಿಸುವುದು ಇವೇ ಅದರ ತಿರುಳು. ಹನ್ನೆರಡು ಹೆಜ್ಜೆಗಳಲ್ಲಿ ಮದ್ಯದ ಮಾತು ಬರುವುದು ಮೊದಲನೆಯದರಲ್ಲಿ ಮಾತ್ರ; ಉಳಿದವುಗಳೆಲ್ಲ ಮನುಷ್ಯನ ಸಿಟ್ಟು, ಭಯ, ಅಪರಾಧಭಾವ, ಕೆಟ್ಟುಹೋದ ಬಾಂಧವ್ಯ ಇವುಗಳ ಚಿಕಿತ್ಸೆಗೆ ಮೀಸಲಾಗಿವೆ. ಜೀವಮಾನವಿಡೀ ಕುಡಿಯೆನೆಂಬ ಪ್ರತಿಜ್ಞೆಯನ್ನು ಅಲ್ಲಿ ಕೇಳುವುದಿಲ್ಲ. ಈ ದಿನ ಒಂದು ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ.

6

ವಾಷಿಂಗ್ಟನ್ ಸಂಘವನ್ನು ಮುಳುಗಿಸಿದ ಬಂಡೆಗಳನ್ನು ಈ ಬಳಗ ಹೇಗೆ ಹಾದುಹೋಯಿತೆಂಬುದನ್ನು ನೋಡಬೇಕು. 1938ರಲ್ಲಿ ಜಾನ್ ರಾಕ್‌ಫೆಲರನ ಬಳಿ ದೊಡ್ಡ ಮೊತ್ತ ಬೇಡಹೋದಾಗ, ಹಣವು ಈ ಕಾರ್ಯವನ್ನು ಕೆಡಿಸೀತೆಂದು ಹೇಳಿ ಅವನು ಕೊಟ್ಟುದು 5,000 ಡಾಲರು ಮಾತ್ರ. ಅಂದು ನಿರಾಸೆಯಾಗಿದ್ದ ವಿಲ್ಸನ್ನನಿಗೆ ಮುಂದೆ ಅದರ ಬೆಲೆ ತಿಳಿಯಿತು. 1941ರ ಮಾರ್ಚ್ 1ರಂದು ‘ಸ್ಯಾಟರ್ಡೆ ಈವ್‌ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಜ್ಯಾಕ್ ಅಲೆಗ್ಸಾಂಡರನ ಲೇಖನ ಬಂದ ಮೇಲೆ ಸುಮಾರು 2,000ದಷ್ಟಿದ್ದ ಸದಸ್ಯರು ಆ ವರ್ಷದ ಕೊನೆಗೆ 8,000ದಷ್ಟಾದರು. ಬೆಳವಣಿಗೆಯೊಡನೆ ಜಗಳಗಳೂ ಬಂದವು. ಆಗ 1946ರಲ್ಲಿ ಪ್ರಕಟವಾಗಿ 1950ರ ಕ್ಲೀವ್‌ಲೆಂಡ್ ಸಮ್ಮೇಳನದಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳು ಬಳಗದ ಸಂವಿಧಾನವಾದವು. ಸದಸ್ಯತ್ವಕ್ಕೆ ಬೇಕಾದುದು ಕುಡಿತ ಬಿಡುವ ಇಚ್ಛೆಯೊಂದೇ. ಹೊರಗಿನವರಿಂದ ಹಣ ಕೂಡದು. ಹೊರಗಿನ ವಾದಗಳಲ್ಲಿ ಅಭಿಪ್ರಾಯ ಕೂಡದು. ಸಹವ್ಯಸನಿಗೆ ನೆರವಾಗುವ ಕೆಲಸಕ್ಕೆ ಸಂಬಳ ಕೂಡದು. ಪತ್ರಿಕೆಗಳಲ್ಲಿ ಹೆಸರು ಕೂಡದು. ಒಂದೊಂದು ಕಟ್ಟಳೆಯೂ ನೂರು ವರ್ಷ ಹಿಂದಿನ ಒಂದೊಂದು ಸೋಲಿಗೆ ಕೊಟ್ಟ ಉತ್ತರದಂತಿದೆ. ಮನೆಯವರ ನೋವಿಗೂ ಪ್ರತ್ಯೇಕ ಚಿಕಿತ್ಸೆ ಬೇಕೆಂಬುದನ್ನರಿತು 1951ರಲ್ಲಿ ವಿಲ್ಸನ್ನನ ಪತ್ನಿ ಲೋಯಿಸ್ ಮೊದಲಾದವರು ‘ಆಲ್-ಅನಾನ್’ ಎಂಬ ಕುಟುಂಬಗಳ ಬಳಗವನ್ನು ಸ್ಥಾಪಿಸಿದರು. 1956ರಲ್ಲಿ ಅಮೆರಿಕನ್ ವೈದ್ಯಸಂಘವು ಪಾನವ್ಯಸನವನ್ನು ಚಿಕಿತ್ಸಾರ್ಹ ರೋಗವೆಂದು ಒಪ್ಪಿತು. 1961ರ ಜನವರಿಯಲ್ಲಿ, ತನ್ನ ಮರಣಕ್ಕೆ ಕೆಲವೇ ತಿಂಗಳು ಮೊದಲು, ಯೂಂಗನು ವಿಲ್ಸನ್ನನಿಗೆ ಬರೆದ ಪತ್ರದಲ್ಲಿ, ಹಜಾರ್ಡನ ಕುಡಿತದ ಹಂಬಲವು ಪೂರ್ಣತೆಗಾಗಿ ಆತ್ಮಕ್ಕಿರುವ ಬಾಯಾರಿಕೆಯದೇ ಕೆಳಮಟ್ಟದ ರೂಪವೆಂದು ವಿವರಿಸಿ, ಆತ್ಮಕ್ಕೂ ಮದ್ಯಕ್ಕೂ ಲ್ಯಾಟಿನ್ನಿನಲ್ಲಿ ಒಂದೇ ಶಬ್ದವಿರುವುದನ್ನು ನೆನಪಿಸಿದನು.

ಇಷ್ಟು ಹೇಳಿದ ಮೇಲೆ ಈ ಮಾರ್ಗದ ಮಿತಿಗಳನ್ನೂ ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ದೈವದ ಮಾತು ಒಗ್ಗದೆ ಹಿಂದೆ ಸರಿದವರುಂಟು. ಸಭೆಗೆ ಬಂದು ನಿಲ್ಲದವರೂ ಬಹಳ. ಅನಾಮಿಕರ ಬಳಗದಲ್ಲಿ ಲೆಕ್ಕವಿಡುವುದು ಕಷ್ಟವಾದ್ದರಿಂದ ಅದರ ಫಲವನ್ನು ಕುರಿತು ವಿದ್ವಾಂಸರು ಬಹುಕಾಲ ವಾದಿಸಿದರು. 2006ರಲ್ಲಿ ಕಾಕ್ರನ್ ಸಂಸ್ಥೆಯ ವಿಮರ್ಶೆಗೆ ನಿರ್ಣಾಯಕ ಪ್ರಮಾಣ ದೊರೆಯಲಿಲ್ಲ. ಅದೇ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನೂ ಪರಿಶೀಲಿಸಿ, ವ್ಯಸನಿಯನ್ನು ಕ್ರಮಬದ್ಧವಾಗಿ ಈ ಬಳಗಕ್ಕೆ ಜೋಡಿಸುವ ಚಿಕಿತ್ಸೆಯು ಪೂರ್ಣ ಪಾನತ್ಯಾಗದ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮೇಲಾಗಿದೆಯೆಂದು ನಿರ್ಣಯಿಸಿತು. ಇನ್ನೊಂದು ಕಡೆ ಔಷಧಶಾಸ್ತ್ರವೂ ಸುಮ್ಮನಿರಲಿಲ್ಲ. 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಡೈಸಲ್ಫಿರಾಮ್ ಎಂಬ ಮದ್ದಿನ ಪರಿಣಾಮವನ್ನು ಪ್ರಕಟಿಸಿದರು. 1994ರಲ್ಲಿ ಅಮೆರಿಕ ಸರಕಾರವು ನಾಲ್ಟ್ರೆಕ್ಸೋನ್ ಎಂಬುದನ್ನು ಪಾನವ್ಯಸನದ ಚಿಕಿತ್ಸೆಗೆ ಒಪ್ಪಿತು. ಸಹವಾಸವೂ ಔಷಧವೂ ಒಂದಕ್ಕೊಂದು ಶತ್ರುಗಳಲ್ಲವೆಂಬುದನ್ನು ಸಿಲ್ಕ್‌ವರ್ತನ ಆಸ್ಪತ್ರೆಯೇ ಮೊದಲಿಗೆ ತೋರಿಸಿಕೊಟ್ಟಿತ್ತು.

7

ಭಾರತಕ್ಕೆ ಈ ಬಳಗ ಬಂದು ಬೇರೂರಿದುದು 1957ರಲ್ಲಿ, ಮುಂಬಯಿಯಲ್ಲಿ. ಪಾನನಿರೋಧದ ಕಾಯಿದೆ ಪೂರ್ಣವಾಗಿ ಜಾರಿಯಲ್ಲಿದ್ದ ನಗರದಲ್ಲಿಯೇ ಪಾನವ್ಯಸನಿಗಳ ಬಳಗವೊಂದು ಅವಶ್ಯವಾಯಿತೆಂಬುದು ಕಾಯಿದೆಯ ಎಲ್ಲೆಯನ್ನು ಸಾರಿ ಹೇಳುತ್ತದೆ. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಮದ್ರಾಸಿನಲ್ಲಿ ಟಿ. ಟಿ. ರಂಗನಾಥನ್ ಸಂಶೋಧನ ಪ್ರತಿಷ್ಠಾನವನ್ನು ಸ್ಥಾಪಿಸಿದರು. 1989ರಲ್ಲಿ ಆ ಸಂಸ್ಥೆಯವರು ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ಹೂಡಿ, ರೋಗಿಯನ್ನು ಆಸ್ಪತ್ರೆಗೆ ಕರೆಯುವ ಬದಲು ಚಿಕಿತ್ಸೆಯನ್ನೇ ಊರಿಗೆ ಒಯ್ದರು. ಪುಣೆಯಲ್ಲಿ 1986ರಲ್ಲಿ ಡಾಕ್ಟರ್ ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿಗಳು, ಪು. ಲ. ದೇಶಪಾಂಡೆಯವರ ನೆರವಿನಿಂದ ‘ಮುಕ್ತಾಂಗಣ’ವನ್ನು ಆರಂಭಿಸಿದರು.

ಕನ್ನಡನಾಡಿನಲ್ಲಿ ಈ ಕಾರ್ಯ ಹಿಡಿದ ದಾರಿ ಬೇರೆ. ಅದು ನೆಲದ ಸಂಪ್ರದಾಯದೊಳಗಿಂದಲೇ ಚಿಗುರಿದುದು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆ ಕಾಳು ಬೇಡುವುದು ವಾಡಿಕೆ. ಈ ಜೋಳಿಗೆ ಬೇಡಿದುದು ಜನರ ದುಶ್ಚಟಗಳನ್ನು. ಬಾಗಿಲಿಗೆ ಬಂದ ಗುರುವಿಗೆ ಇಲ್ಲವೆನ್ನಲಾಗದ ಸಂಸ್ಕಾರವನ್ನೇ ಅವರು ಔಷಧವನ್ನಾಗಿಸಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಧರ್ಮಸ್ಥಳದಲ್ಲಿ 1982ರಲ್ಲಿ ಮೊದಲಾದ ಗ್ರಾಮಾಭಿವೃದ್ಧಿ ಯೋಜನೆಯ ಬೆನ್ನಿಗೆ, 1990ರ ದಶಕದ ಆರಂಭದಿಂದ ಜನಜಾಗೃತಿ ವೇದಿಕೆಯು ಸಾವಿರಕ್ಕೂ ಮೀರಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನ ಸಭಾಭವನದಲ್ಲಿ ಸುಮಾರು ಎಂಟು ದಿನಗಳ ವಾಸ, ವೈದ್ಯರ ಆರೈಕೆ, ಯೋಗ, ಭಜನೆ, ಆಪ್ತಸಲಹೆ, ಒಟ್ಟಿಗೆ ಊಟ, ಮನೆಯವರೊಡನೆ ಮಾತುಕತೆ. ಇದಕ್ಕಿಂತ ಮುಖ್ಯವಾದುದು ಮುಂದಿನ ವ್ಯವಸ್ಥೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಮತ್ತೆ ಕೂಡುತ್ತಾರೆ. ಬಾಲ್ಟಿಮೋರಿನ ದರ್ಜಿ ಬಡಗಿಗಳು ಕಟ್ಟಲಾರದೆ ಹೋದ ಮರುದಿನದ ಸೇತುವೆ ಇದೇ ಆಗಿದೆ.

ಅನುಭವವನ್ನು ಗೋಷ್ಠಿಯಲ್ಲಿ ಹೇಳಿ ಕೇಳಿ ಶುದ್ಧರಾಗುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಹೆಂಡದ ಕಾಯಕದ ಮಾರಯ್ಯನೂ ಒಬ್ಬ ವಚನಕಾರನಾಗಿ ಕುಳಿತಿದ್ದನೆಂಬುದನ್ನು ನೆನೆದರೆ, ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗಿಡಬೇಕು ಎಂಬ ಪ್ರಶ್ನೆಗೆ ಈ ನಾಡು ಎಂದೋ ಉತ್ತರ ಕೊಟ್ಟಿತ್ತೆಂದು ತಿಳಿಯುತ್ತದೆ.

ಕೊನೆಯದಾಗಿ ಒಂದು ಅಂಕಿಯನ್ನು ಗಮನಿಸಬೇಕು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನ ಮದ್ಯಪಾನ ಮಾಡುವವರು, ಅವರಲ್ಲಿ 5.7 ಕೋಟಿ ಜನರಿಗೆ ಅದರ ಪಿಡುಗಿನಿಂದ ಪಾರಾಗಲು ನೆರವು ಅವಶ್ಯ. ಮದ್ಯಕ್ಕೆ ಪೂರ್ಣ ಅಧೀನರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು ಮಾತ್ರ. ಉಳಿದ ಮೂವತ್ತೇಳು ಮಂದಿಯಲ್ಲಿ ಹೊರನಾಡಿನ ಕನ್ನಡಿಗರೂ ಇರಲೇಬೇಕು. ಹಳ್ಳಿಯಲ್ಲಿ ಕುಡಿದವನನ್ನು ಗದರಿಸಲು ಅಣ್ಣನಿರುತ್ತಾನೆ, ಮಠವಿರುತ್ತದೆ, ನೆರೆಮನೆಯಿರುತ್ತದೆ. ಪಟ್ಟಣದ ಕೊಠಡಿಯಲ್ಲಿ ಒಂಟಿಯಾಗಿ ಕುಡಿಯುವವನಿಗೆ ಗದರಿಕೆಯೂ ದುರ್ಲಭ. ಅವನ ನೋವಿಗೆ ತಾಯಿನುಡಿಯ ಕಿವಿಯಂತೂ ಇನ್ನೂ ದುರ್ಲಭ. ಅಕ್ರನ್ನಿನ ವೈದ್ಯನನ್ನು ಉಳಿಸಿದುದು ತನ್ನ ಭಾಷೆಯಲ್ಲಿ ಮಾತಾಡಿದ ಒಬ್ಬ ಅಪರಿಚಿತನು.

ಪ್ರತಿಯೊಂದು ನಗರದ ಕನ್ನಡ ಸಂಘಕ್ಕೂ ನಾಟಕಕ್ಕೆ, ಉಪನ್ಯಾಸಕ್ಕೆ, ನಾಡಹಬ್ಬಕ್ಕೆ ಒಂದು ಸ್ಥಳವಿದ್ದೇ ಇದೆ. ವಾರಕ್ಕೊಂದು ಸಂಜೆ ಅದರ ಒಂದು ಚಿಕ್ಕ ಕೊಠಡಿಯನ್ನು ಹೆಸರು ಕೇಳದೆ, ವರದಿ ಬರೆಯದೆ, ಅಧ್ಯಕ್ಷ ಭಾಷಣವಿಲ್ಲದೆ ಇಂಥವರಿಗಾಗಿ ತೆರೆದಿಡಲು ಹಣ ಬೇಕಾಗಿಲ್ಲ. ಒಂದು ಬೀಗದ ಕೈ, ನಾಲ್ಕು ಕುರ್ಚಿ, ಒಂದಿಷ್ಟು ಕಾಫಿ ಸಾಕು. ಪ್ರತಿಜ್ಞೆಯ ದಿನಕ್ಕೆ ಸಾಕ್ಷಿಗಳು ಬಹಳ ಮಂದಿ ಸಿಗುತ್ತಾರೆ. ಮರುದಿನ ಆ ಕೊಠಡಿಯಲ್ಲಿ ದೀಪ ಹಚ್ಚಿ ಕಾಯುವ ಒಬ್ಬನು ಬೇಕು.